ಕಾರಿನ ಕೋಡಿಗೆ ಬಣ್ಣ

ನಾನು ಕಾರು ಓಡಿಸುವುದಿಲ್ಲ. ಬ್ರೇಕು ಮಾತ್ರ ಹಾಕುತ್ತೇನೆ. ಎಡಗಡೆಯ ಸೀಟಿನಲ್ಲಿ ಕೂತವನ ಕಾಲ ಕೆಳಗೆ ಯಾವ ಪೆಡಲೂ ಇರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಎದುರಿಗೆ ಲಾರಿ ಕಂಡರೆ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಹೀಗೆ ಒತ್ತಿ ಒತ್ತಿ ಅಲ್ಲಿಯ ಮ್ಯಾಟು ಸವೆದುಹೋಗಿದೆ. ನನ್ನ ಹೆಂಡತಿ ಗಿರಿಜಾ ಮನೆಗೆ ಬಂದ ನೆಂಟರಿಗೆ ಅದನ್ನು ತೋರಿಸುತ್ತಾಳೆ. "ಗಾಡಿ ಓಡ್ಸಾಕಿ ನಾನು, ಸವೆಯೋದು ಇವರ ಕಡಿ," ಎನ್ನುತ್ತಾಳೆ. ನೆಂಟರು ನಗುತ್ತಾರೆ. ನಾನೂ ನಗುತ್ತೇನೆ, ಏಕೆಂದರೆ ನಿಂತ ಕಾರಿನ ಪಕ್ಕದಲ್ಲಿ ನಗುವುದು ಸುಲಭ.

ಈ ಅಂಜಿಕೆ ನನಗೆ ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ನಿವೃತ್ತನಾಗುವವರೆಗೂ ನಾನು ಬಳ್ಳಾರಿಯ ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿದ್ದೆ. ಸಾಕ್ಷಿಗಳು ಹೇಳಿದ್ದನ್ನು ಟೈಪು ಮಾಡುವುದು ನನ್ನ ಕೆಲಸ. ಅಪಘಾತದ ಮೊಕದ್ದಮೆಗಳಲ್ಲಿ ಒಂದು ವಿಷಯ ನನ್ನನ್ನು ಕಾಡುತ್ತಿತ್ತು. ಪ್ರತಿಯೊಬ್ಬರ ಹೇಳಿಕೆಯ ಮೊದಲರ್ಧ ತೀರ ಸಾಧಾರಣವಾಗಿರುತ್ತಿತ್ತು. ಚಹಾ ಕುಡಿದರು, ಬಾಳೆಹಣ್ಣು ಕೊಂಡರು, ಗಾಡಿ ಹತ್ತಿದರು. ಹೀಗೆ ಟೈಪು ಮಾಡುತ್ತ ಮಾಡುತ್ತ ನನಗೆ ಚಹಾ ಮತ್ತು ಬಾಳೆಹಣ್ಣಿನ ಮೇಲೂ ಸಂಶಯ ಬಂದುಬಿಟ್ಟಿತು. ಆ ನೌಕರಿಯಿಂದ ಬಂದ ಇನ್ನೊಂದು ಗುಣವೆಂದರೆ, ಮೊದಲು ಕಂಡದ್ದನ್ನು ಮೊದಲು ಹೇಳುವುದು. ಈಗಲೂ ಹಾಗೆಯೇ ಹೇಳುತ್ತೇನೆ.

ಗಿರಿಜಾಳ ತವರು ಸಿರುಗುಪ್ಪದ ಕಡೆಯ ಕರೂರು. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುವ ಕೆಲಸವನ್ನು ಆ ಮನೆಯಲ್ಲಿ ನನ್ನ ಅತ್ತೆ ಶಾಂತವ್ವ ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಹೋದ ವರ್ಷ ಅತ್ತೆ ಅಭ್ಯಾಸಬಲದಿಂದ ಬಣ್ಣ ಕಲಸಿಕೊಂಡು ಅಂಗಳಕ್ಕೆ ಬಂದರು. ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಹಾಕಿ, "ಇದಕ್ಕ ಕೋಡೆಲ್ಲಿ ಅದಾವ?" ಎಂದು ಕೇಳಿ, ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಗಿರಿಜಾ ಅದನ್ನು ಮರೆಯಲಿಲ್ಲ. ಈ ವರ್ಷ ಹಬ್ಬ ಹತ್ತಿರ ಬಂದಾಗ ಒಂದು ಸಂಜೆ ನಮ್ಮ ಕಾರಿನ ಮುಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತು ಕಡ್ಡಿಗಳ ಸಂದಿನಿಂದ ಒಳಗೆ ಇಣುಕುತ್ತಿದ್ದಳು.

"ಸಿಕ್ಕುವು ನೋಡ್ರಿ. ಎಡಕ್ಕೊಂದು, ಬಲಕ್ಕೊಂದು. ಅವ್ವಗ ಈ ಸಲ ಎರಡು ಕೋಡು ತೋರಿಸ್ತೀನಿ."

ಅವಳು ತೋರಿಸಿದ್ದು ಬ್ರೇಕಿನ ಕ್ಯಾಲಿಪರನ್ನು. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡು ಕಡೆಯಿಂದಲೂ ಅವುಚಿ ಹಿಡಿದು ನಿಲ್ಲಿಸುವ ಇಕ್ಕಳ ಅದು. ಕಾರಿನಲ್ಲಿ ಎಷ್ಟೋ ಭಾಗಗಳಿವೆ. ಹಾರ್ನು ಕೆಟ್ಟರೆ ಕೂಗಬಹುದು, ವೈಪರ್ ಕೆಟ್ಟರೆ ಕಾಯಬಹುದು. ಇದೊಂದು ಕೆಟ್ಟರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅದಕ್ಕೇ ಕೈ ಹಾಕುತ್ತೇನೆಂದು ಇವಳು ಹೊರಟಿದ್ದಳು.

ಎತ್ತಿನ ಮೈಯಲ್ಲಿ ಅಷ್ಟೆಲ್ಲ ಜಾಗವಿರುವಾಗ ನಮ್ಮ ಜನ ಕೋಡಿಗೇ ಏಕೆ ಬಣ್ಣ ಹಚ್ಚಿದರು ಎಂದು ಆ ದಿನಗಳಲ್ಲಿ ಬಹಳ ಯೋಚಿಸಿದೆ. ಎತ್ತು ನಮ್ಮನ್ನು ತಿವಿಯುವುದು ಕೋಡಿನಿಂದ. ಭಯದ ಜಾಗವನ್ನು ವರ್ಷಕ್ಕೊಮ್ಮೆಯಾದರೂ ಹತ್ತಿರ ಹೋಗಿ ಮುಟ್ಟಿ, ಸವರಿ, ಪರಿಚಯ ಉಳಿಸಿಕೊಳ್ಳುವ ಉಪಾಯವಿರಬಹುದು. ಇದನ್ನು ಗಿರಿಜಾಳಿಗೆ ಹೇಳಿದೆ. "ಹಂಗಾರ ನೀವೂ ಬರ್ರಿ, ಪರಿಚಯ ಮಾಡಿಸ್ತೀನಿ," ಎಂದಳು. ಅವಳು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಘರ್ಷಣೆಯ ಪಾಠವನ್ನು ಹೇಳಿ ಹೇಳಿ ಅವಳಿಗೆ ಅದರ ಭಯ ಹೋಗಿದೆ.

ಬಣ್ಣದ ಅಂಗಡಿಯವನು ನಮ್ಮನ್ನು ನೋಡಿದ ಕೂಡಲೇ ಕೋಡಿನ ಬಣ್ಣದ ಡಬ್ಬಿಗಳನ್ನು ಸಾಲಾಗಿ ಇಟ್ಟ.

"ಎಷ್ಟು ಜತಿ ಎತ್ತು ಅಮ್ಮಾ?"

"ಎತ್ತಿಲ್ಲಪಾ. ಬ್ರೇಕಿಗೆ ಬೇಕು. ಕಾದ್ರೂ ಸುಲಿಬಾರ್ದು, ಅಂಥಾದ್ದು ಕೊಡು."

ಅವನು ಡಬ್ಬಿಗಳನ್ನು ಹಿಂದಕ್ಕೆ ಸರಿಸಿ ನನ್ನ ಮುಖ ನೋಡಿದ. "ಹಬ್ಬ ನಿಮ್ಮ ಮನ್ಯಾಗ ಜೋರೈತಿ ಬಿಡ್ರಿ ಸಾರ್."

ಕೆಂಪು ಬೇಡವೆಂದಳು. ನಮ್ಮ ಊರಿನ ಧೂಳೇ ಕೆಂಪು, ಹಚ್ಚಿದ್ದು ಯಾವುದು, ಕೂತದ್ದು ಯಾವುದು ಎಂದು ತಿಳಿಯುವುದಿಲ್ಲ. ಹಳದಿ ಆಯಿತು. ಉಳಿದ ಸಾಮಾನಿನಲ್ಲಿ ನಮ್ಮಿಬ್ಬರಿಗೂ ಜಗಳವಿರಲಿಲ್ಲ, ಏಕೆಂದರೆ ಅವಳ ತಿಳಿವಳಿಕೆ ಮತ್ತು ನನ್ನ ಅಂಜಿಕೆ ಒಂದೇ ಸಾಮಾನನ್ನು ಕೇಳುತ್ತಿದ್ದವು. ಬರಿಯ ಜಾಕಿನ ಮೇಲೆ ನಿಂತ ಕಾರಿನ ಬದಿಗೆ ಕೈ ಹಾಕಬಾರದು, ಕೆಳಗೆ ಗಟ್ಟಿ ಸ್ಟ್ಯಾಂಡು ಬೇಕು. ಎಷ್ಟೋ ಜನ ಕಲ್ಲುಚಪ್ಪಡಿ ಕೊಡುತ್ತಾರೆ, ಚಪ್ಪಡಿ ಯಾವಾಗ ಒಡೆಯುತ್ತದೆಂದು ಮೊದಲೇ ಹೇಳುವುದಿಲ್ಲ. ತುಕ್ಕು ಕೆರೆಯಲು ತಂತಿಯ ಬ್ರಷ್ಷು. ಎಣ್ಣೆ ಜಿಡ್ಡು ತೆಗೆಯಲು ಬ್ರೇಕಿಗೆಂದೇ ಇರುವ ಸ್ಪ್ರೇ. ಬಣ್ಣಕ್ಕೆ ಮಾತ್ರ ಸ್ಪ್ರೇ ಬೇಡ, ಅದು ಕೇಳದೆ ಎಲ್ಲ ಕಡೆ ಹೋಗುತ್ತದೆ. ಕೈಮಾತು ಕೇಳುವ ಸಣ್ಣ ಚಪ್ಪಟೆ ಬ್ರಷ್ಷು. ತಟ್ಟೆಯ ಮೇಲೆ ಒಂದು ಹನಿಯೂ ಬೀಳಬಾರದೆಂದು ಅಂಟುಪಟ್ಟಿ.

ಅಂಟುಪಟ್ಟಿ ಇಕ್ಕಳದ ಒಳಸಂದಿನಲ್ಲಿ ನಿಲ್ಲಲಿಲ್ಲ. ಬಳ್ಳಾರಿಯವರಾಗಿ ನಾವು ಆಗ ಮಾಡಬೇಕಾದ್ದನ್ನೇ ಮಾಡಿದೆವು. ನಮ್ಮ ಕಂಟೋನ್ಮೆಂಟ್ ಓಣಿಯಲ್ಲಿ ಜೀನ್ಸ್ ಬಟ್ಟೆಯ ಚೂರುಗಳ ಚೀಲವಿಲ್ಲದ ಮನೆಯಿಲ್ಲ. ಊರ ತುಂಬ ಜೀನ್ಸ್ ಹೊಲಿಯುವವರು, ಅವರು ಕತ್ತರಿಸಿ ಉಳಿಸಿದ್ದು ಪಕ್ಕದವರ ಮೂಲಕ ಎಲ್ಲರಿಗೂ ಬರುತ್ತದೆ. ಬಿಸಿ ಪಾತ್ರೆ ಹಿಡಿಯಲು ಅದೇ, ಕಿಟಕಿ ಅಲುಗಿದರೆ ತುರುಕಲು ಅದೇ, ಸೈಕಲ್ಲು ಒರೆಸಲು ಅದೇ. ಸಂದಿಗಳಿಗೆ ಆ ನೀಲಿ ಚೂರುಗಳನ್ನು ತುರುಕುವುದು, ಬಣ್ಣ ಒಣಗಿದ ಮೇಲೆ ತೆಗೆಯುವುದು ನನ್ನ ಪಾಲಿನ ಕೆಲಸವಾಯಿತು. ಅವಳು ಕೆರೆದಳು, ತೊಳೆದಳು, ಒಂದು ಕೈ ಹಚ್ಚಿ ಒಣಗಿಸಿ ಇನ್ನೊಂದು ಕೈ ಹಚ್ಚಿದಳು. ನಾನು ಪಕ್ಕದಲ್ಲಿ ನಿಂತು ಕಾರು ಬೀಳುತ್ತದೆ ಎಂದೆ, ಬಣ್ಣಕ್ಕೆ ಬೆಂಕಿ ಹತ್ತುತ್ತದೆ ಎಂದೆ, ಬ್ರೇಕಿನ ಎಣ್ಣೆಯ ಕೊಳವೆ ಎಳೆಯಬೇಡ ಎಂದೆ.

"ರೀ, ಕಾರಿಗೆ ಸ್ಟ್ಯಾಂಡ್ ತಂದ್ವಿ, ನಿಮಗೊಂದು ತರೋದು ಮರೆತ್ವಿ," ಎಂದಳು ಬ್ರಷ್ಷು ಎತ್ತದೆ. "ಕೇಳ್ರಿ ಇಲ್ಲಿ. ನಾಳೆ ಅವ್ವನ್ನ ಕರಕೊಂಡು ಹಬ್ಬಕ್ಕ ಹೋಗೋ ಹಾದ್ಯಾಗ ಬ್ರೇಕು ಅಂತ ಒಂದು ಮಾತು ಬಂತಂದ್ರ, ಅಲ್ಲೇ ಇಳಿಸಿ ಕರೂರು ಬಸ್ ಹತ್ತಿಸ್ತೀನಿ. ಅವ್ವನ ಮುಂದ ನನಗ ಅದು ಬ್ಯಾಡ."

ಆಗಲಿ ಎಂದೆ. ಚೂರುಗಳನ್ನು ತೆಗೆದೆ. ಅವಳು ಚಕ್ರ ಕೂಡಿಸಿ ನಟ್ಟುಗಳನ್ನು ಎದುರುಬದುರಾಗಿ ಬಿಗಿದಳು. ಹಳದಿ ಕೋಡುಗಳು ಕಡ್ಡಿಗಳ ನಡುವೆ ಚೆನ್ನಾಗಿಯೇ ಕಂಡವು.

ಮರುದಿನ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕುವ ಮುಂಚೆ ಚೂರುಗಳನ್ನು ಚೀಲಕ್ಕೆ ಹಾಕಲು ಹೋದೆ. ಒಂದು ಕಡಿಮೆಯಿತ್ತು. ಬಲಚಕ್ರದವು ಒಂದು ಕಡೆ, ಎಡಚಕ್ರದವು ಒಂದು ಕಡೆ ಇಟ್ಟಿದ್ದೆ. ಎಡಗಡೆಯದರಲ್ಲಿ ಉದ್ದನೆಯ ಪಟ್ಟಿ ಇರಲಿಲ್ಲ. ತೊಟ್ಟಿಯ ಹಿಂದೆ ನೋಡಿದೆ, ಗಿಡದ ಬುಡದಲ್ಲಿ ನೋಡಿದೆ. ಬೀದಿಯಿಂದ ಹಾರ್ನು ಕೇಳಿತು. ಗಾಳಿಗೆ ಹೋಗಿರಬೇಕು ಎಂದುಕೊಂಡೆ. ಜೂನ್ ತಿಂಗಳ ಗಾಳಿ, ಹೋಗಿರಬಹುದು. ಹೋಗಿ ಕೂತೆ. ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಕೋರ್ಟಿನಲ್ಲಿ ವಕೀಲರೂ ಇದನ್ನೇ ಕೇಳುತ್ತಿದ್ದರು. ಕಂಡಿತು, ಆದರೆ ಹೇಳಲಿಲ್ಲ ಎಂಬ ಸಾಲನ್ನು ನಾನು ಎಷ್ಟು ಸಲ ಟೈಪು ಮಾಡಿದ್ದೇನೋ ಗೊತ್ತಿಲ್ಲ. ಪ್ರತಿ ಸಲವೂ ಎಂಥ ಜನವಪ್ಪಾ ಎನಿಸುತ್ತಿತ್ತು. ಅವರಿಗೂ ಆ ಹೊತ್ತಿಗೆ ಯಾರೋ ನಗುತ್ತಾರೆಂಬ ಸಣ್ಣ ಭಯ ದೊಡ್ಡ ಭಯಕ್ಕೆ ಅಡ್ಡ ಬಂದಿರಬೇಕು. ಸಣ್ಣ ಭಯ ಯಾವಾಗಲೂ ಹತ್ತಿರವಿರುತ್ತದೆ, ಅದಕ್ಕೇ ದೊಡ್ಡದಾಗಿ ಕಾಣುತ್ತದೆ.

ಊರಿನ ಅಂಚಿಗೆ ಬಂದಾಗ ಬಟ್ಟೆ ಸುಟ್ಟ ವಾಸನೆ ಬಂತು. ಗಿರಿಜಾ ಕಿಟಕಿ ಏರಿಸಿದಳು, ಅಷ್ಟೆ. ಬೇರೆ ಊರಿನವರಾಗಿದ್ದರೆ ಗಾಡಿ ನಿಲ್ಲಿಸುತ್ತಿದ್ದರು. ನಮ್ಮೂರಿನ ಹೊರವಲಯದಲ್ಲಿ ಕಸದ ಗುಡ್ಡೆಯ ಜೊತೆ ಜೀನ್ಸ್ ಚೂರುಗಳು ಉರಿಯುತ್ತಲೇ ಇರುತ್ತವೆ. ಆ ವಾಸನೆ ಬಂದರೆ ಊರು ಮುಗಿಯಿತು ಎಂದು ನಾವು ತಿಳಿಯುತ್ತೇವೆ. ನಾನೂ ಹಾಗೇ ತಿಳಿದೆ. ಆದರೆ ಹೊಲಗಳು ಬಂದವು, ಬಂಡೆಗುಡ್ಡಗಳು ಬಂದವು. ನಾವು ಊರು ದಾಟಿದ್ದೆವು, ವಾಸನೆ ದಾಟಿರಲಿಲ್ಲ. ಒಮ್ಮೆ ಜೋರಾಗುತ್ತಿತ್ತು, ಒಮ್ಮೆ ಇಲ್ಲವಾಗುತ್ತಿತ್ತು. ಅವಳು ಬ್ರೇಕು ಒತ್ತಿದ ಮೇಲೆ ಜೋರಾಗುತ್ತಿತ್ತು ಎಂಬುದು ನನಗೆ ಕುರುಗೋಡು ಬರುವ ಹೊತ್ತಿಗೆ ಖಾತ್ರಿಯಾಯಿತು.

ಅತ್ತೆ ಕುರುಗೋಡಿನಲ್ಲಿ ದೊಡ್ಡ ಮಗಳ ಮನೆಗೆ ಬಂದಿದ್ದರು. ಅವರನ್ನು ಹಬ್ಬಕ್ಕೆ ಕರೂರಿಗೆ ಕರೆದುಕೊಂಡು ಹೋಗಬೇಕಿತ್ತು. ಗಿರಿಜಾ ಬೀದಿಯಲ್ಲಿಯೇ ಅವರನ್ನು ಬಗ್ಗಿಸಿ ಚಕ್ರದೊಳಗೆ ತೋರಿಸಿದಳು. "ಕೋಡು ಅವ್ವ. ನಾನೇ ಹಚ್ಚೀನಿ." ಅತ್ತೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. "ಸಣ್ಣು ಅದಾವು. ಹೋರಿ ಕರ ಇರಬೇಕು," ಎಂದು ನಕ್ಕರು. ತಾಯಿ ಮಗಳು ಇಬ್ಬರೂ ಅಷ್ಟು ಸಂತೋಷವಾಗಿದ್ದರು. ನನ್ನ ಬಾಯಿಯ ತನಕ ಬಂದದ್ದು ಮತ್ತೆ ಒಳಗೆ ಹೋಯಿತು.

ಅಲ್ಲಿಂದ ಸಿರುಗುಪ್ಪದ ಕಡೆಗೆ ಹೊರಟೆವು. ಹಿಂದೆ ಕೂತ ಅತ್ತೆ ಸ್ವಲ್ಪ ದೂರ ಹೋದ ಮೇಲೆ ಮೂಗೆಳೆದರು.

"ಗಿರಿಜಾ, ಏನೋ ಅರಿವಿ ಸುಟ್ಟಂಗಾಗಾಕ್ಹತ್ತೈತಿ."

"ಬಳ್ಳಾರಿ ವಾಸನಿ ಅವ್ವ. ನಮ್ಮ ಮೈಗೇ ಅಂಟೈತಿ ಅದು."

ಮುಂದೆ ಕಾಲುವೆಯ ಸಣ್ಣ ಸೇತುವೆ. ಆ ಕಡೆಯಿಂದ ಲಾರಿ ಬರುತ್ತಿತ್ತು. ಗಿರಿಜಾ ಬ್ರೇಕು ಒತ್ತಿದಳು. ಕಾರು ನಿಧಾನವಾಯಿತು, ಆದರೆ ನೇರವಾಗಿ ಅಲ್ಲ. ಮೂತಿ ಬಲಕ್ಕೆ, ಲಾರಿಯ ಕಡೆಗೆ, ಒಂದಿಷ್ಟು ಎಳೆಯಿತು. ಅವಳು ಸ್ಟೇರಿಂಗನ್ನು ಎಡಕ್ಕೆ ಸರಿಪಡಿಸಿದ್ದನ್ನು ನಾನು ಕಂಡೆ. ರಸ್ತೆಯ ದೋಷವೆಂದು ಅವಳು ತಿಳಿದಿರಬೇಕು. ಲಾರಿ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು, ಅದರ ಗಾಳಿಗೆ ಕಾರು ಅಲುಗಿತು. ಬಲಗಡೆಯದು ಮಾತ್ರ ಹಿಡಿಯುತ್ತಿದೆ, ಎಡಗಡೆಯ ಬ್ರೇಕು ಹಿಡಿಯುತ್ತಿಲ್ಲ. ಕನ್ನಡಿಯಲ್ಲಿ ಅತ್ತೆಯ ಮುಖ ಕಂಡಿತು.

"ಗಿರಿಜಾ, ನಿಲ್ಲಿಸು. ಜೀನ್ಸ್ ಚೂರು ಒಂದು ಕಡಿಮಿ ಐತಿ. ಎಡಗಡಿದು."

ಅವಳು ಬಸ್ಸಿನ ಮಾತು ಎತ್ತಲಿಲ್ಲ. ಗೇರು ಇಳಿಸುತ್ತ, ಬ್ರೇಕನ್ನು ಮುಟ್ಟಿಯೂ ಮುಟ್ಟದ ಹಾಗೆ, ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದಳು. ಎಡಚಕ್ರದಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಅದು ಆರುವವರೆಗೆ ಅತ್ತೆಯನ್ನು ಇಳಿಸಿ ನೆರಳಿನಲ್ಲಿ ಕೂರಿಸಿದೆವು. ಡಿಕ್ಕಿಯಲ್ಲಿ ಜಾಕೂ ಸ್ಟ್ಯಾಂಡೂ ಸ್ಪ್ರೇಯೂ ಇದ್ದವು. ಚಕ್ರ ಬಿಚ್ಚಿದಾಗ ಪಟ್ಟಿಯ ಒಂದು ತುದಿ ಸಂದಿನಲ್ಲಿ ಕರಿದಾಗಿ ನೇತಾಡುತ್ತಿತ್ತು. ಇನ್ನೊಂದು ತುದಿಯನ್ನು ತಟ್ಟೆ ಒಳಗೆಳೆದುಕೊಂಡು, ತನ್ನನ್ನು ಒತ್ತಿ ನಿಲ್ಲಿಸುವ ಪ್ಯಾಡಿನ ಮುಖಕ್ಕೆ ಅರೆದುಬಿಟ್ಟಿತ್ತು. ಮೇಲಿನ ಹಳದಿ ಬಣ್ಣ ಮಾತ್ರ ಒಂದು ಚಕ್ಕೆಯೂ ಏಳದೆ ಹೊಳೆಯುತ್ತಿತ್ತು.

ಗಿರಿಜಾ ಅದನ್ನು ಬಿಡಿಸಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಯಾವಾಗ ಗೊತ್ತಾತು ನಿಮಗ?"

"ಬೀಗ ಹಾಕೋ ಮುಂಚೆ."

"ಮನ್ಯಾಗ?"

"ಮನ್ಯಾಗ. ನೀ ಬೈತೀ ಅಂತ ಸುಮ್ನಾದೆ."

ಅವಳು ಬೈಯಲಿಲ್ಲ. ಸುಟ್ಟ ಪಟ್ಟಿಯನ್ನು ಮಡಚಿ ಡಿಕ್ಕಿಯಲ್ಲಿಟ್ಟಳು. ಅತ್ತೆ ನೆರಳಿನಲ್ಲಿ ಕೂತಲ್ಲಿಂದಲೇ, "ಎತ್ತು ತಿವಿಯಾಕ ಬಂದ್ರ ಮೊದ್ಲು ಕಂಡಾಂವ ಒದರ್ಬೇಕು. ಆಮ್ಯಾಲೆ ನಕ್ಕೊಂತ ಕುಂದ್ರಬೌದು," ಎಂದರು. ಮಗಳು ಅತ್ತ ತಿರುಗಿ ನೋಡಿ, ಮತ್ತೆ ನನ್ನ ಕಡೆ ನೋಡಿದಳು.

"ಇನ್ಮ್ಯಾಲೆ ಅಂಜಿಕಿ ಬಂದ್ರ ಹೇಳ್ರಿ," ಎಂದಳು. "ನಾ ಬೈತೀನಿ. ಬೈಯೋದು ನನಗ ಬಿಡಾಕಾಗಂಗಿಲ್ಲ. ಆದ್ರೂ ನೀವು ಹೇಳ್ರಿ."

ಪ್ಯಾಡನ್ನು ಉಜ್ಜಿ, ಸ್ಪ್ರೇ ಹೊಡೆದು, ಚಕ್ರ ಕೂಡಿಸಿ, ನಮ್ಮನ್ನು ಅಲ್ಲೇ ಬಿಟ್ಟು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗಿ ನಿಲ್ಲಿಸಿ ನೋಡಿದಳು. ಕಾರು ನೇರವಾಗಿ ನಿಂತಿತು. ಸಿರುಗುಪ್ಪ ಮುಟ್ಟಿದ ಕೂಡಲೇ ಮೆಕ್ಯಾನಿಕ್ಕನಿಗೆ ತೋರಿಸುವುದು, ಅಲ್ಲಿಯವರೆಗೆ ಎತ್ತಿನ ಬಂಡಿಯ ವೇಗ ಎಂದು ತೀರ್ಮಾನವಾಯಿತು.

ಹೊರಟೆವು. ಮುಂದೆ ಟ್ರ್ಯಾಕ್ಟರ್ ಇದೆ ಎಂದೆ. "ನನಗೂ ಕಣ್ಣದಾವು," ಎಂದಳು. ತಿರುವು ಇದೆ ಎಂದೆ. "ನಮ್ಮೂರ ಹಾದಿ, ನೀವು ಹೇಳ್ತೀರಿ ನನಗ," ಎಂದಳು. ಆಡು ದಾಟುತ್ತಿದೆ ಎಂದೆ. "ದಾಟಲಿ ಬಿಡ್ರಿ, ಅದಕ್ಕೂ ಹಬ್ಬ," ಎಂದಳು. ಒಂದೊಂದನ್ನೂ ಹೇಳಿದೆ, ಒಂದೊಂದಕ್ಕೂ ಬೈಸಿಕೊಂಡೆ.

ಹಿಂದಿನ ಸೀಟಿನಲ್ಲಿ ಅತ್ತೆ ಸೆರಗು ಹೊದ್ದುಕೊಂಡು ಒರಗಿದರು. "ಇಬ್ರೂ ಹಿಂಗ ಜಗಳಾಡ್ಕೋಂತ ಹೋಗ್ರಿ," ಎಂದರು. "ಸುಮ್ನಾದ್ರ ನನಗ ಎಚ್ಚರಾಗತೈತಿ."