ಮದ್ದು ಬಿಟ್ಟವರು

೨೦೦೩ರ ಜೂನ್ ತಿಂಗಳಲ್ಲಿ ನನಗೆ ಮೂಡುಬಿದಿರೆಯಿಂದ ಬೆಳ್ತಂಗಡಿ ತಾಲೂಕಿನ ಒಂದು ಸರಕಾರಿ ಆಸ್ಪತ್ರೆಗೆ ವರ್ಗವಾಯಿತು. ಹುದ್ದೆ ವೈದ್ಯಾಧಿಕಾರಿಯದು. ಜ್ವರ, ಹೆರಿಗೆ, ಹಾವು ಕಚ್ಚಿದ್ದು, ಇವೆಲ್ಲದರ ಜೊತೆಗೆ ಕ್ಷಯರೋಗದ ವಿಭಾಗವೂ ನನ್ನ ತಲೆಗೇ ಬಂತು. ಆಸ್ಪತ್ರೆಯ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಯಾರೋ ಒಬ್ಬರ ಕಡೆಗೆ ಬೆರಳು ತೋರಿಸಿದ ಹಾಗಾಗುತ್ತದೆ. ಇದು ಒಬ್ಬರ ತಪ್ಪಿನ ಕಥೆಯಾಗಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ.

ಟಿ.ಬಿ. ವಿಭಾಗದ ಕೆಲಸ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಹೇಳುತ್ತೇನೆ. ರೋಗಿ ಆರು ತಿಂಗಳು ತಪ್ಪದೆ ಗುಳಿಗೆ ನುಂಗಬೇಕು. ಎರಡು ತಿಂಗಳಾದ ಕೂಡಲೇ ಕೆಮ್ಮು ಕಡಿಮೆಯಾಗುತ್ತದೆ, ಜನ ಗುಳಿಗೆ ನಿಲ್ಲಿಸುತ್ತಾರೆ, ರೋಗ ಮೊದಲಿಗಿಂತ ಗಟ್ಟಿಯಾಗಿ ಮರಳುತ್ತದೆ. ಹಾಗೆ ನಡುವೆ ನಿಲ್ಲಿಸಿದವರನ್ನು ಇಲಾಖೆಯ ಭಾಷೆಯಲ್ಲಿ ಡಿಫಾಲ್ಟರ್ ಎನ್ನುತ್ತಾರೆ. ಡಿಫಾಲ್ಟರ್ ಆದವರಿಗೆ ಎಂಟು ತಿಂಗಳ ಎರಡನೇ ಚಿಕಿತ್ಸೆ. ಅದರ ಮೊದಲ ಎರಡು ತಿಂಗಳು ಗುಳಿಗೆಯ ಜೊತೆಗೆ ಸ್ಟ್ರೆಪ್ಟೊಮೈಸಿನ್ ಎಂಬ ಇಂಜೆಕ್ಷನ್. ಜೀವ ಉಳಿಸುವ ಇಂಜೆಕ್ಷನ್ ಅದು, ಆದರೆ ಕೆಲವರ ಕಿವಿಯನ್ನು ತಿನ್ನುತ್ತದೆ. ನಮ್ಮ ಆಸ್ಪತ್ರೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ 'ಮದ್ದು ಬಿಡಬೇಡಿ' ಎಂದು ಬರೆಸಿದ್ದರು. ಡಿಫಾಲ್ಟರುಗಳನ್ನು ಕಂಡರೆ ನನಗೂ ಮೈ ಉರಿಯುತ್ತಿತ್ತು. ಸರಕಾರ ಪುಕ್ಕಟೆ ಕೊಡುವ ಗುಳಿಗೆಯನ್ನು ನುಂಗಲು ಇವರಿಗೆ ಏನು ಧಾಡಿ ಎಂದುಕೊಳ್ಳುತ್ತಿದ್ದೆ.

ಐತಪ್ಪ ಬಂದದ್ದು ನಾನು ಅಧಿಕಾರ ವಹಿಸಿಕೊಂಡ ಮೊದಲ ವಾರದಲ್ಲೇ. ಕೊಕ್ಕಡದ ಕಡೆಯವರು, ನಲ್ವತ್ತರ ಆಸುಪಾಸಿನ ವಯಸ್ಸು. ಎದೆ, ತೋಳು ನೋಡಿದರೆ ಗಟ್ಟಿ ಕೆಲಸ ಮಾಡಿದ ಆಳು ಎಂದು ತಿಳಿಯುತ್ತಿತ್ತು, ಆದರೆ ಬಾಗಿಲಿನಿಂದ ನನ್ನ ಮೇಜಿನವರೆಗೆ ಬರಲು ಗೋಡೆ ಹಿಡಿದುಕೊಂಡರು. ಹಿಂದೆ ಅವರ ಹೆಂಡತಿ ಗುಲಾಬಿ ಇದ್ದರು, ಮನೆಯಲ್ಲಿ ಬೀಡಿ ಕಟ್ಟುವವರು. ಐತಪ್ಪನ ಎರಡನೇ ಚಿಕಿತ್ಸೆ ಆಗಷ್ಟೇ ಮುಗಿದಿತ್ತು. ಕೆಮ್ಮು ಹಾಗೇ ಇತ್ತು, ಉಸಿರು ಇನ್ನಷ್ಟು ಗಿಡ್ಡವಾಗಿತ್ತು. ಕಫ ಪರೀಕ್ಷೆಯಲ್ಲಿ ಟಿ.ಬಿ. ಕ್ರಿಮಿ ಒಮ್ಮೆಯೂ ಕಂಡಿರಲಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಎರಡೂ ಶ್ವಾಸಕೋಶದಲ್ಲಿ ಕಲೆಗಳಿದ್ದವು, ಅವುಗಳನ್ನು ನಂಬಿಯೇ ಚಿಕಿತ್ಸೆ ಕೊಟ್ಟಿದ್ದರು.

"ಡಾಕ್ಟ್ರೇ, ಕೆಮ್ಮು ಇರ್ಲಿ. ಇದೊಂದು ತಲೆ ತಿರುಗುವುದು ನಿಲ್ಲಿಸಿ ಕೊಡಿ. ಮರ ಹತ್ತಲಿಕ್ಕೆ ಆಗುದಿಲ್ಲ. ಮಳೆಗಾಲ ಬಂತು" ಎಂದರು.

ನಾನು ಅದಕ್ಕೆ ಕಿವಿ ಕೊಡಲಿಲ್ಲ. ಅವರ ಚಿಕಿತ್ಸೆಯ ಕಾರ್ಡಿನ ಮೇಲಿನ 'ಡಿಫಾಲ್ಟರ್' ಎಂಬ ಷರಾ ಓದಿ ನನಗೆ ಸಿಟ್ಟು ಬಂದಿತ್ತು. ಬೈಯಲೆಂದೇ ಕೇಳಿದೆ, "ಮೊದಲನೇ ಸಲ ಮದ್ದು ಯಾಕೆ ಬಿಟ್ಟಿರಿ?"

ಐತಪ್ಪ ನನ್ನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದವರು ಡಾಕ್ಟರು ಹೇಗಾದರು ಎನ್ನುವ ಮುಖ.

"ಬಿಡದಿದ್ರೆ ಎಲ್ಲ ಉದುರ್ತದಲ್ಲ ಡಾಕ್ಟ್ರೇ."

"ಎಂಥದು ಉದುರುವುದು?"

"ಅಡಿಕೆ. ಕೊಳೆರೋಗ ಬರ್ತದೆ."

ನಾನು ಮೂಡುಬಿದಿರೆಯವಳು, ಮನೆಮಾತು ತುಳು. ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ನಮ್ಮ ಕಡೆ ಮದ್ದು ಎಂದರೆ ಆಸ್ಪತ್ರೆಯಲ್ಲಿ ಕೊಡುವುದೂ ಹೌದು, ಅಡಿಕೆ ಮರಕ್ಕೆ ಸಿಂಪಡಿಸುವುದೂ ಹೌದು. ಸಿಂಪಡಿಸುವುದಕ್ಕೆ ನಾವು ಹೇಳುವುದು ಮದ್ದು ಬಿಡುವುದು ಎಂದೇ. ತುಳುವಿನ ಮರ್ದ್‌ಗೂ ಇದೇ ಎರಡು ಅರ್ಥ. ನನ್ನ ಹಿಂದಿನ ಡಾಕ್ಟರು ಬಯಲುಸೀಮೆಯವರು. ಅವರ ಊರಿನಲ್ಲಿ ಬೆಳೆಗೆ ಔಷಧಿ ಹೊಡೆಯುತ್ತಾರೆ, ಬಿಡುವುದಿಲ್ಲ. ಆರು ತಿಂಗಳ ಗುಳಿಗೆ ಮುಗಿದರೂ ಕೆಮ್ಮು ನಿಲ್ಲದ್ದನ್ನು ನೋಡಿ ಅವರು ಕೇಳಿದ್ದರು: "ನಡುವೆ ಮದ್ದು ಬಿಟ್ಟಿದ್ದೀರಾ?" ಐತಪ್ಪ ಹೌದೆಂದಿದ್ದರು. ಡಾಕ್ಟರು ಖಾತ್ರಿ ಮಾಡಿಕೊಳ್ಳಲು ಗುಲಾಬಿಯನ್ನೂ ಕೇಳಿದ್ದರು. ಗುಲಾಬಿ, "ಬಿಡದೆ ಮತ್ತೆ? ಮಳೆಗಾಲ ಪೂರ್ತಿ ಬಿಟ್ಟಿದ್ದಾರೆ" ಎಂದು ಸಾಕ್ಷಿ ಹೇಳಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಬ್ಬರ ಬಾಯಲ್ಲೂ ಹೌದು ಬಂದ ಮೇಲೆ ಮೂರನೇ ಪ್ರಶ್ನೆ ಯಾರು ಕೇಳುತ್ತಾರೆ? ಹೊರಗೆ ಬಾಗಿಲಿನವರೆಗೆ ಸಾಲು ಬೇರೆ ಇರುತ್ತದೆ.

ಒಂದೇ ಒಂದು ಗುಳಿಗೆಯನ್ನೂ ತಪ್ಪಿಸದಿದ್ದ ಮನುಷ್ಯನಿಗೆ, ಟಿ.ಬಿ.ಯೇ ಇಲ್ಲದ ಎದೆಗೆ, ಇಂಜೆಕ್ಷನ್ ಶುರುವಾದದ್ದು ಹೀಗೆ.

ಆ ದಿನ ಐತಪ್ಪನನ್ನು ಕೂರಿಸಿಕೊಂಡು ತುಳುವಿನಲ್ಲಿ ಎಲ್ಲವನ್ನೂ ಕೇಳಿದೆ. ಮೀಸೆ ಬರುವ ಮೊದಲೇ ಮದ್ದು ಬಿಡುವ ಕೆಲಸಕ್ಕೆ ಇಳಿದವರು. ಮೈಲುತುತ್ತು ಎಂಬ ತಾಮ್ರದ ನೀಲಿ ಹರಳನ್ನೂ ಸುಣ್ಣವನ್ನೂ ನೀರಿನಲ್ಲಿ ಕಲಸಿದರೆ ಬೋರ್ಡೋ ದ್ರಾವಣ. ಗುಲಾಬಿಯ ತಮ್ಮ ಕೇಶವ ಕೆಳಗೆ ನಿಂತು ದ್ರಾವಣ ಕಲಸಿ ಪಂಪ್ ಒತ್ತುತ್ತಿದ್ದ. ಐತಪ್ಪ ಮರದ ತುದಿಯಲ್ಲಿ ಕುಳಿತು ಗೊನೆಗಳಿಗೆ ಬಿಡುತ್ತಿದ್ದರು. ಒಂದು ಮರ ಮುಗಿದರೆ ಇಳಿಯುವುದಿಲ್ಲ. ಕೂತ ಮರವನ್ನೇ ತೂಗಿ, ಬಾಗಿಸಿ, ಪಕ್ಕದ ಮರವನ್ನು ಹಿಡಿದು ದಾಟುವುದು. ಹಾಗೆ ದಾಟುವುದರಲ್ಲಿ ಬಂಟ್ವಾಳದವರೆಗೂ ಅವರ ಹೆಸರಿತ್ತು. ಗಾಳಿ ತಿರುಗಿದರೆ ದ್ರಾವಣದ ಹನಿಯೆಲ್ಲ ಮುಖಕ್ಕೇ. ಸಂಜೆ ಇಳಿಯುವಾಗ ಕಣ್ಣುರೆಪ್ಪೆಯೂ ನೀಲಿಯಾಗಿರುತ್ತದೆ. ಇಪ್ಪತ್ತಕ್ಕೂ ಹೆಚ್ಚು ಮಳೆಗಾಲ ಅವರು ಆ ಹನಿಯನ್ನೇ ಉಸಿರಾಡಿದ್ದರು.

ಬೇಸಿಗೆಯಲ್ಲಿ ಉಸಿರು ತುಸು ಹಗುರವಾಗುತ್ತಿತ್ತಂತೆ. ಇಂಜೆಕ್ಷನ್ ಕೊಟ್ಟದ್ದು ಮಳೆ ನಿಂತ ಮೇಲೆ. ಹಾಗಾಗಿ ಸ್ವಲ್ಪ ಸುಧಾರಿಸಿದಂತೆ ಕಂಡಾಗ ಎಲ್ಲರೂ ಇಂಜೆಕ್ಷನ್ನಿಗೆ ಕೈ ಮುಗಿದಿದ್ದರು.

ಮಂಗಳೂರಿನಲ್ಲಿ ನನ್ನ ಸಹಪಾಠಿಯೊಬ್ಬರು ಶ್ವಾಸಕೋಶದ ತಜ್ಞರಾಗಿದ್ದರು. ಐತಪ್ಪನನ್ನು ಅವರ ಬಳಿಗೆ ಕಳುಹಿಸಿದೆ. ಕೊಳವೆ ಇಳಿಸಿ, ಶ್ವಾಸಕೋಶದ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು. ಹೊರಗಿನಿಂದ ಬಂದದ್ದನ್ನು ಕರಗಿಸಲಾಗದಿದ್ದರೆ ನಮ್ಮ ದೇಹ ಅದರ ಸುತ್ತ ಗಂಟು ಕಟ್ಟುತ್ತದೆ. ಟಿ.ಬಿ. ಕ್ರಿಮಿಗೂ ಗಂಟು, ತಾಮ್ರಕ್ಕೂ ಗಂಟು, ಎಕ್ಸ್‌ರೇಗೆ ಎರಡೂ ಒಂದೇ. ಐತಪ್ಪನ ಗಂಟುಗಳ ಒಳಗೆ ಇದ್ದದ್ದು ತಾಮ್ರ. "ಇವರ ಎದೆ ಅರ್ಧಕ್ಕರ್ಧ ಗಾಯದ ಕಲೆಯಾಗಿ ಹೋಗಿದೆ. ಅದು ಹಿಂದೆ ಬರುವ ದಾರಿ ಇಲ್ಲ. ಇನ್ನಾದರೂ ಮರ ಹತ್ತದಿರಲಿ" ಎಂದು ಸಹಪಾಠಿ ಫೋನಿನಲ್ಲಿ ಹೇಳಿದರು. ಹತ್ತುವ ಪ್ರಶ್ನೆಯೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಅವರ ಒಳಗಿವಿಯನ್ನು ಹಾಳು ಮಾಡಿತ್ತು. ಒಳಗಿವಿ ಬರೀ ಕೇಳುವುದಕ್ಕಲ್ಲ, ನಾವು ನೆಟ್ಟಗೆ ನಿಲ್ಲುವುದೂ ಅದರಿಂದ. ಮರದಿಂದ ಮರಕ್ಕೆ ದಾಟುತ್ತಿದ್ದ ಮನುಷ್ಯನಿಗೆ ಕತ್ತಲಾದರೆ ಅಂಗಳ ದಾಟಲೂ ಆಸರೆ ಬೇಕಾಗಿತ್ತು. ಎದೆಯನ್ನು ತೋಟದ ಮದ್ದು ತೆಗೆದುಕೊಂಡಿತು, ಕಾಲನ್ನು ಆಸ್ಪತ್ರೆಯ ಮದ್ದು. ನನ್ನ ಮೂವತ್ತು ವರ್ಷಗಳ ವೃತ್ತಿಯಲ್ಲಿ ಇಷ್ಟು ಅಸಹ್ಯವಾದ ಲೆಕ್ಕವನ್ನು ನಾನು ಇನ್ನೊಂದು ಕಂಡಿಲ್ಲ.

ಇಬ್ಬರನ್ನೂ ಕರೆಸಿ ಹೇಳಿದೆ. ಮುಚ್ಚಿಡಲಿಲ್ಲ, ಮುಚ್ಚಿಟ್ಟು ಉಳಿಸುವಂಥದ್ದು ಏನೂ ಇರಲಿಲ್ಲ. ಐತಪ್ಪ ಕೇಳಿದ್ದು ಒಂದೇ ಮಾತು.

"ಹಾಗಾದ್ರೆ ನಾನು ಗುಳಿಗೆ ತಪ್ಪಿಸಿದವ ಅಲ್ಲ. ಅಲ್ವಾ ಡಾಕ್ಟ್ರೇ?"

ಊರೆಲ್ಲ ಅವರನ್ನು ಹಾಗೆ ಆಡಿಕೊಂಡಿತ್ತಂತೆ. ಸರಕಾರದ ಗುಳಿಗೆ ಬಿಸಾಡಿ ರೋಗ ಹೆಚ್ಚಿಸಿಕೊಂಡವನೆಂದು ಮದುವೆ ಮನೆಗಳಲ್ಲಿ ದೂರ ಎಲೆ ಹಾಕಿ ಕೂರಿಸಿದ್ದರು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಗುಲಾಬಿಗೂ ಅದನ್ನೇ ಹೇಳಿ ಚುಚ್ಚಿದ್ದರು.

"ಅಲ್ಲ. ನೀವು ಒಂದನ್ನೂ ತಪ್ಪಿಸಿದವರಲ್ಲ" ಎಂದೆ.

ಗುಲಾಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. "ನಾನೇ ಹೌದು ಹೇಳಿದ್ದು" ಎಂದರು. "ಇವರು ಕೆಲಸಕ್ಕೆ ಹೋಗುದಿಲ್ಲ ಅಂತ ಡಾಕ್ಟ್ರು ಗ್ರಹಿಸಿದ್ರೋ ಏನೋ ಅಂತ, ನಾನೇ ಜೋರು ಹೇಳಿದ್ದು. ಒಂದು ದಿನವೂ ಕೂತವರಲ್ಲ ಅಂತ." ಗಂಡನ ಮರ್ಯಾದೆ ಉಳಿಸಲು ಹೇಳಿದ ಮಾತದು. ನಿಮ್ಮ ತಪ್ಪಲ್ಲ ಎಂದೆ. ಅವರು ಅದನ್ನು ಕೇಳಿಸಿಕೊಂಡರೆಂದು ನನಗೆ ಅನ್ನಿಸಲಿಲ್ಲ.

ಐತಪ್ಪನ ಮೇಲಿನ ಷರಾ ತೆಗೆಸಲು ಜಿಲ್ಲಾ ಕಚೇರಿಗೆ ಬರೆದೆ. ಮುಗಿದ ವರ್ಷದ ವರದಿಯನ್ನು ತಿದ್ದಲು ಬರುವುದಿಲ್ಲ ಎಂದು ಉತ್ತರ ಬಂತು. ಪರಿಹಾರಕ್ಕೆ ಓಡಾಡಿದೆ. ಕೆಲಸದಿಂದ ಬರುವ ಕಾಯಿಲೆಗೆ ಕಾನೂನು ಉಂಟು, ಆದರೆ ಅದಕ್ಕೆ ಕಾರ್ಖಾನೆ ಬೇಕು, ಹಾಜರಿ ಬೇಕು. ಅಡಿಕೆ ಮರಕ್ಕೆ ಗೇಟೂ ಇಲ್ಲ, ಹಾಜರಿಯೂ ಇಲ್ಲ. ಐತಪ್ಪ ಹೆಚ್ಚು ಕೆಲಸ ಮಾಡಿದ್ದ ತೋಟದ ಧಣಿಗಳನ್ನೂ ಹೋಗಿ ಕಂಡೆ. ಕೆಟ್ಟವರಲ್ಲ. ಐತಪ್ಪನನ್ನು ಮಂಗಳೂರಿಗೆ ತಮ್ಮ ಜೀಪಿನಲ್ಲೇ ಕಳುಹಿಸಿಕೊಟ್ಟವರು.

"ಬೋರ್ಡೋ ಎಂಥ ವಿಷ ಡಾಕ್ಟ್ರಮ್ಮ? ಹೊಸ ಕೀಟನಾಶಕ ಆದ್ರೆ ನಾನು ತೋಟದ ಹತ್ತಿರ ಬಿಡುವವನಲ್ಲ. ಇದು ತುತ್ತು, ಸುಣ್ಣ. ನನ್ನ ಅಜ್ಜನ ಕಾಲದ್ದು" ಎಂದರು.

ಅಜ್ಜನ ಕಾಲದಲ್ಲಿ ಕೆಮ್ಮಿ ಸತ್ತವರ ಎದೆಯನ್ನು ಯಾರು ತೆರೆದು ನೋಡಿದ್ದರು? ಎಲ್ಲರಿಗೂ ಟಿ.ಬಿ., ಇಲ್ಲವೇ ದಮ್ಮು. ಈ ಮಾತು ನನ್ನ ಬಾಯಿಯವರೆಗೆ ಬಂತು. ಆದರೆ ಅವರು ಅದಕ್ಕೆ ಉತ್ತರ ಕೊಡುವವರಾಗಿರಲಿಲ್ಲ, ನಿಜ ಹೇಳಬೇಕೆಂದರೆ ಕೊಡಬೇಕಾದವರೂ ಆಗಿರಲಿಲ್ಲ. ಮುಖಕ್ಕೆ ಕಟ್ಟುವ ಮುಸುಕು ತರಿಸಿಕೊಡುತ್ತೇನೆ ಎಂದು ಒಪ್ಪಿದರು, ತರಿಸಿಯೂ ಕೊಟ್ಟರು. ಮಳೆಯಲ್ಲಿ ಒದ್ದೆಯಾಗಿ ಮೂಗಿಗೆ ಅಂಟಿ ಉಸಿರು ಕಟ್ಟುತ್ತದೆ ಎಂದು ಕೆಲಸದವರು ಅವುಗಳನ್ನು ಕುತ್ತಿಗೆಗೆ ಇಳಿಸಿಕೊಂಡರು.

ಮುಂದಿನ ಎರಡು ವರ್ಷ ಐತಪ್ಪ ಇಳಿಯುತ್ತಾ ಹೋದರು. ಸ್ಟೀರಾಯ್ಡ್ ಕೊಟ್ಟು ನೋಡಿದೆ, ಮುಖ ಊದಿತೇ ಹೊರತು ಉಸಿರು ಬರಲಿಲ್ಲ. ಮಲಗಿದರೆ ಉಬ್ಬಸವೆಂದು ಮನೆಯ ಜಗಲಿಯ ಕಂಬಕ್ಕೆ ಒರಗಿ ಕುಳಿತಿರುತ್ತಿದ್ದರು. ಮೊಣಕಾಲಿನ ಮೇಲೆ ಗುಲಾಬಿಯ ಬೀಡಿಯ ಗೆರಸೆ ಇಟ್ಟುಕೊಂಡು ಎಲೆ ಕತ್ತರಿಸಿ ಕೊಡುತ್ತಿದ್ದರು. ಹೊಗೆಸೊಪ್ಪಿನ ದೂಳು ನಿಮಗೆ ಆಗುವುದಿಲ್ಲ ಎಂದು ಒಮ್ಮೆ ಗದರಿಸಿದೆ. "ಕೈ ಖಾಲಿ ಇದ್ರೆ ಹೆಚ್ಚು ಉಬ್ಬಸ ಆಗ್ತದೆ ಡಾಕ್ಟ್ರೇ" ಎಂದು ನಕ್ಕರು. ೨೦೦೫ರ ಆಟಿ ತಿಂಗಳಲ್ಲಿ, ಆಷಾಢದ ಜಡಿಮಳೆಯ ಒಂದು ಮಧ್ಯಾಹ್ನ, ಹಾಗೆ ಒರಗಿದಲ್ಲೇ ಹೋದರು. ಸಾವಿನ ಕಾರಣದ ಎದುರು ನಾನು ತಾಮ್ರವೆಂದೇ ಬರೆದೆ. ಅದನ್ನು ಓದುವವರು ಯಾರೂ ಇರಲಿಲ್ಲ.

ಮರುವರ್ಷ ಮಳೆಗಾಲದ ಕೊನೆಯಲ್ಲಿ ಗುಲಾಬಿ ತಮ್ಮನನ್ನು ಕರೆದುಕೊಂಡು ಬಂದರು. ಪಂಪ್ ಒತ್ತುತ್ತಿದ್ದ ಕೇಶವ. ಮೂವತ್ತೈದು ದಾಟಿರಲಿಲ್ಲ. ಒಣ ಕೆಮ್ಮು, ಏರು ಹತ್ತಿದರೆ ದಮ್ಮು. ಉಗುರಿನ ಸಂದಿಯಲ್ಲಿ ನೀಲಿ ಇತ್ತು. ಭಾವನ ಮರಗಳನ್ನು ಈಗ ಹತ್ತುತ್ತಿದ್ದವನು ಅವನೇ. ಎಕ್ಸ್‌ರೇ ತೆಗೆಸಿದೆ. ಐತಪ್ಪನ ಮೊದಲ ಎಕ್ಸ್‌ರೇಯನ್ನು ಪಕ್ಕದಲ್ಲಿಟ್ಟು ನೋಡುವ ಅಗತ್ಯವಿರಲಿಲ್ಲ.

ಗುಳಿಗೆ ಬರೆಯಲಿಲ್ಲ, ಇಂಜೆಕ್ಷನ್ನೂ ಬರೆಯಲಿಲ್ಲ. ಈ ಸಲ ತಪ್ಪಾಗಲಿಲ್ಲ. ಇಡೀ ವೃತ್ತಿಯಲ್ಲಿ ಇಷ್ಟು ಬೇಗ, ಇಷ್ಟು ಖಚಿತವಾಗಿ ನಾನು ಇನ್ನೊಂದು ಕಾಯಿಲೆಯನ್ನು ಗುರುತಿಸಿದ್ದಿಲ್ಲ.

"ಕೇಶವ, ಇನ್ನು ಮದ್ದು ಬಿಡಬೇಡ" ಎಂದೆ.

ಅವನು ಗೋಡೆಯ ಮೇಲಿನ ಕೆಂಪು ಅಕ್ಷರ ನೋಡಿದ. "ಯಾವ ಮದ್ದು ಡಾಕ್ಟ್ರೇ?"

"ತೋಟದ್ದು. ಆ ಕೆಲಸವೇ ಬೇಡ. ಈಗಲೇ ನಿಲ್ಲಿಸಿದರೆ ಇದ್ದಷ್ಟಾದರೂ ಎದೆ ಉಳಿಯುತ್ತದೆ."

ಕೇಶವ ತಲೆ ಆಡಿಸಿದ. ಅರ್ಥವಾಗಿತ್ತು. ಅಕ್ಕನ ಮನೆಯ ಜಗಲಿಯನ್ನು ಎರಡು ವರ್ಷ ಕಂಡವನಿಗೆ ನಾನು ಬಿಡಿಸಿ ಹೇಳಬೇಕಾದದ್ದು ಏನೂ ಇರಲಿಲ್ಲ.

"ಬಿಡದಿದ್ರೆ ಮತ್ತೆ ಹೊಟ್ಟೆಗೆ ಎಂಥ ಮಾಡುವುದು?" ಎಂದು ಕೇಳಿದ. ವಾದಕ್ಕೆ ಕೇಳಿದ್ದಲ್ಲ. ನನಗೆ ಗೊತ್ತಿರಬಹುದೆಂದು ನಂಬಿ ಕೇಳಿದ್ದು.

ರೋಗಿ ಹೌದು ಎಂದಾಗ ಅಲ್ಲಿಗೇ ನಿಲ್ಲಿಸಬೇಡಿ, ಯಾಕೆ ಎಂದು ಕೇಳಿ ಎಂದು ಆಮೇಲೆ ಬಂದ ಎಷ್ಟೋ ಕಿರಿಯ ಡಾಕ್ಟರುಗಳಿಗೆ ನಾನು ಪಾಠ ಹೇಳಿದ್ದೇನೆ. ಐತಪ್ಪ ನನಗೆ ಕಲಿಸಿಹೋದ ಪಾಠ ಅದು, ಸುಳ್ಳಲ್ಲ. ಕೇಶವ ಕಲಿಸಿದ್ದನ್ನು ಮಾತ್ರ ಯಾರಿಗೂ ಹೇಳಿಕೊಟ್ಟಿಲ್ಲ. ಸರಿಯಾದ ಪ್ರಶ್ನೆ ಕೇಳಿ, ಸರಿಯಾದ ಉತ್ತರ ಪಡೆದ ಮೇಲೂ ಡಾಕ್ಟರ ಕೈಯಲ್ಲಿ ಏನೂ ಇಲ್ಲದ ದಿನಗಳು ಬರುತ್ತವೆ. ಅಂಥ ದಿನ ಕೆಮ್ಮಿಗೆ ಒಂದು ಶೀಸೆ ಬರೆದುಕೊಟ್ಟು ಮುಂದಿನವರನ್ನು ಕರೆಯುತ್ತೇವೆ. ನಾನೂ ಹಾಗೇ ಮಾಡಿದೆ.

ಬಾಗಿಲಿನಲ್ಲಿ ಗುಲಾಬಿ ಶೀಸೆಯನ್ನು ತಮ್ಮನ ಕೈಗೆ ಕೊಡುತ್ತಾ, "ಇದನ್ನು ಬಿಡಬೇಡ ಆಯ್ತಾ" ಎನ್ನುವುದು ಕೇಳಿಸಿತು.