ಮೇಕೆ ದೊಡ್ಡಿಯ ವಾಸ್ತು

ಗೆಳೆಯರೇ, ಕಾಡಂಚಿನ ಹೂಗ್ಯಂ ಊರಿನ ನಮ್ಮ ಚಿಕ್ಕಪ್ಪ ಚಿರತೆಗೆ ಹೆದರಿ ಮೇಕೆ ದೊಡ್ಡಿಗೆ ಕಲ್ಲುಕಂಬ ನೆಟ್ಟು, ತಂತಿಬಲೆಯ ಶಾಶ್ವತ ಬೇಲಿ ಹಾಕಿಸಿದ್ದಾರೆ. ವಾಸ್ತು ಪ್ರಕಾರ ಗೇಟು ಪೂರ್ವಕ್ಕೆ.

ಇಂದು ಸಂಜೆ ಮೇಕೆಗಳು ಎಂದಿನಂತೆ ಪಶ್ಚಿಮದ ಕಾಡಿನಿಂದ ಬಂದು, ಹಳೆಯ ಮುಳ್ಳುಬೇಲಿಯಲ್ಲಿ ಬಾಗಿಲಿದ್ದ ಜಾಗದಲ್ಲೇ ಬಲೆಗೆ ಮೂತಿಯೊತ್ತಿ ನಿಂತವು. ಎಷ್ಟು ಅಟ್ಟಿದರೂ ಸುತ್ತಿ ಹೋಗಲೊಲ್ಲವು.

"ಕತ್ಲಾಯ್ತಾ ಅದೆ. ಚಿರತೆ ಏನು ವಾಸ್ತು ಕೇಳ್ಕಂಡು ಬತ್ತದಾ? ಕತ್ತರ್ಸಿ ಅತ್ಲಾಗೆ!" ಚಿಕ್ಕಮ್ಮನ ಕಣ್ಣಲ್ಲಿ ನೀರು.

"ಒಸ ಬೇಲಿ ಕಣಮ್ಮೀ..." ಎಂದು ಗೊಣಗುತ್ತಲೇ ಚಿಕ್ಕಪ್ಪ ಕಟಿಂಗ್ ಪ್ಲೇಯರ್ ತಂದು ಬಲೆ ಕತ್ತರಿಸಿದರು. ಮೇಕೆಗಳು ಗತ್ತಿನಿಂದ ಒಳಹೊಕ್ಕವು.

ಕತ್ತರಿಸಿದ ಜಾಗಕ್ಕೆ ಈಗ ಚಿಕ್ಕಪ್ಪನ ಕಬ್ಬಿಣದ ಮಂಚವನ್ನೇ ನಿಲ್ಲಿಸಿ ಬಿಗಿಯಾಗಿ ಕಟ್ಟಿದ್ದೇವೆ. ಚಿಕ್ಕಪ್ಪನಿಗೆ ಇವತ್ತು ನೆಲವೇ ಗತಿ. ತಲೆ ಮಾತ್ರ ವಾಸ್ತು ಪ್ರಕಾರ ದಕ್ಷಿಣಕ್ಕೆ.