ಡಿಪೋ ಮುಟ್ಟಿದರೂ ಬಿಚ್ಚದ ಬೂಟು

ಬೀದಿದೀಪಗಳಿನ್ನೂ ಆರಿಲ್ಲ. ಅಪಾರ್ಟ್‌ಮೆಂಟಿನ ಗೇಟು ದಾಟಿ ಅಜ್ಜ ಬಿರಬಿರನೆ ನಡೆಯುತ್ತಿದ್ದಾರೆ. ಇಸ್ತ್ರಿ ಹಾಕಿದ ಅಂಗಿ, ಮಿರಮಿರ ಮಿಂಚುವ ಬೂಟು. ತುಸು ಹಿಂದೆ ನಡುವಯಸ್ಸಿನ ಹೆಂಗಸೊಬ್ಬರು, ಹೆಗಲಿಗೆ ಚೀಲ, ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ. ತಿರುವಿನಲ್ಲಿ ಆಕೆ ಬೀಗದಕೈಯಿಂದ ಬಾಟಲಿಗೆ ಟಣ್ ಎಂದು ಒಮ್ಮೆ ಬಡಿಯುತ್ತಾರೆ. ಅಜ್ಜ ಗಕ್ಕನೆ ನಿಲ್ಲುತ್ತಾರೆ. ನೀರಿನ ಟ್ಯಾಂಕರೊಂದು ಗುಡುಗುತ್ತಾ ಹಾದುಹೋಗುತ್ತದೆ. ಟಣ್ ಟಣ್. "ರೈಟ್, ಹೋಗ್ಲಿ," ಎನ್ನುತ್ತಾರೆ ಆಕೆ. ಅಜ್ಜ ಮತ್ತೆ ಹೊರಡುತ್ತಾರೆ.

ಆಕೆಯನ್ನು ಎಲ್ಲರೂ ಕರೆಯುವುದು ಆಯಮ್ಮ ಎಂದು. ನೆನಪು ಮಾಸಿದವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದೇ ಅವರ ಹೊಟ್ಟೆಪಾಡು. ಈ ಕೆಲಸಕ್ಕೆ ಬಡ್ತಿಯಿಲ್ಲ, ಬೀಳ್ಕೊಡುಗೆಯೂ ಇಲ್ಲ. "ನಾನು ಕೆಲಸ ಬಿಟ್ಟು ಬಂದ ಮನೇಲೆಲ್ಲ ಒಂದು ಮಂಚ ಖಾಲಿ ಇರುತ್ತೆ," ಎನ್ನುತ್ತಾರೆ, ಬೇರೆ ಯಾರದೋ ವಿಷಯ ಹೇಳುವವರಂತೆ.

ಅಜ್ಜ ಒಂದು ಕಾಲದಲ್ಲಿ ಸಿಟಿ ಬಸ್ಸಿನ ಡ್ರೈವರು. ಬಾಡಿಗೆಮನೆ ಬಿಡಬೇಕಾಗಿ ಬಂದು ಮಗಳು ಅವರನ್ನು ಈ ಬಡಾವಣೆಗೆ ಕರೆತಂದಳು. ಬಂದ ಮರುದಿನವೇ ಅವರು ಹಳೆಯ ಮನೆ ಹುಡುಕುತ್ತಾ ಹೊರಟರು. ಇನ್ನೊಂದು ದಿನ ಸಂಜೆಯಾದರೂ ಪತ್ತೆಯಿಲ್ಲ. ಸಿಕ್ಕಾಗ ಗೋದಾಮಿನ ಹಿಂದೆ ಚರಂಡಿಯ ಕಟ್ಟೆಯ ಮೇಲೆ ನಡುಗುತ್ತಾ ಕೂತಿದ್ದರು. ಮಗಳು ಅಂದೇ ಹೊರಬಾಗಿಲಿಗೆ ದೊಡ್ಡದೊಂದು ಬೀಗ ತಂದಳು.

"ಬೀಗ ಹಾಕಿದ್ರೆ ಕಾಲು ನಿಲ್ಲುತ್ತೆ ತಂಗಿ. ಆಮೇಲೆ ಊಟಾನೂ ನಿಲ್ಲುತ್ತೆ, ನಾನು ನೋಡಿದೀನಿ. ಸ್ವಲ್ಪ ದಿನ ನನ್ನ ಕೈಗೆ ಬಿಡು," ಎಂದು, ಅಜ್ಜನನ್ನು ನೋಡಿಕೊಳ್ಳಲು ಆಗಷ್ಟೇ ಸೇರಿದ್ದ ಆಯಮ್ಮ ತಡೆದರು.

ಆ ಬೀದಿಗಳು ಆಯಮ್ಮನಿಗೂ ಹೊಸವೇ. ಕೈ ಹಿಡಿದರೆ ಅಜ್ಜ ಕೊಸರುತ್ತಿದ್ದರು, ಕೂಗಿದರೆ ಇನ್ನೂ ಜೋರಾಗಿ ನಡೆಯುತ್ತಿದ್ದರು. ಒಂದು ಬೆಳಿಗ್ಗೆ ಬಾಟಲಿ ಅಕಸ್ಮಾತ್ತಾಗಿ ಕಂಬಕ್ಕೆ ತಾಗಿ ಟಣ್ ಎಂದಿತು. ಕಂಡಕ್ಟರು ಸ್ಟಾಪಿನ ಗಂಟೆ ಹೊಡೆದಂತೆ ಅಜ್ಜ ನಿಂತುಬಿಟ್ಟರು. ಆಯಮ್ಮ ಅಂದೇ ಕಂಡಕ್ಟರಾದರು. ಅಜ್ಜಿಯರ ಕತೆಗಳಲ್ಲಿ ಕಾಡಿಗೆ ಹೋಗುವವರು ವಾಪಸು ಬರುವ ಗುರುತಿಗೆ ದಾರಿಯುದ್ದಕ್ಕೂ ಸಾಸಿವೆ ಚೆಲ್ಲುವಂತೆ ಇವರು ಬಡಾವಣೆಯ ತುಂಬ ಸ್ಟಾಪುಗಳನ್ನು ಚೆಲ್ಲಿಕೊಂಡು ಹೋದರು: ಔಷಧಿ ಅಂಗಡಿ ಒಂದು ಸ್ಟಾಪು, ಹಿಟ್ಟಿನ ಗಿರಣಿ ಇನ್ನೊಂದು, ಒಕ್ಕಣ್ಣಿನ ನಾಯಿ ಮಲಗುವ ಮೂಲೆ ಮತ್ತೊಂದು. ಅಪಾರ್ಟ್‌ಮೆಂಟಿನ ಗೇಟು ಕೊನೆಯ ಸ್ಟಾಪು, ಡಿಪೋ. ತರಕಾರಿಯವಳು ಈಗಲೂ, ಬಸ್ಸು ಇವತ್ತೂ ಲೇಟು, ಪ್ಯಾಸೆಂಜರೂ ಇಲ್ಲ, ಲಾಸಿನ ರೂಟು ಎಂದು ಛೇಡಿಸುತ್ತಾಳೆ.

ಹೋದ ವಾರ ಅಜ್ಜ ಬಾಟಲಿಯ ಸದ್ದಿಗೆ ಕಾಯಲಿಲ್ಲ. ಗಿರಣಿಯ ಬಳಿ ತಾವೇ ತಿರುಗಿ ನೆಟ್ಟಗೆ ಗೇಟಿನ ಮುಂದೆ ಬಂದು ನಿಂತರು. "ಡಿಪೋ ಬಂತು. ಎಲ್ಲ ಇಳ್ಕೊಳ್ಳಿ," ಎಂದರು. ಮಗಳು ಬೀಗವನ್ನು ಅಟ್ಟಕ್ಕೆಸೆದು, ಆಯಮ್ಮನನ್ನು ತಬ್ಬಿಕೊಂಡು ಅತ್ತಳು.

ಸಂಜೆಯಾಯಿತು. ಅಜ್ಜ ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಮಗಳು ಬೂಟಿನ ದಾರಕ್ಕೆ ಕೈ ಹಾಕಿದರೆ ಕಾಲು ಹಿಂದಕ್ಕೆಳೆದುಕೊಂಡರು.

"ಡ್ಯೂಟಿ ಮುಗೀತಲ್ಲಮ್ಮ. ಮನೆಗೆ ಹೋಗಿ ಬಿಚ್ತೀನಿ."

ಅಂದಿನಿಂದ ದಿನವೂ ಹೀಗೇ. ಅಜ್ಜ ದಾರಿ ತಪ್ಪುವುದಿಲ್ಲ. ಡಿಪೋಗೆ ಬಂದು, ಮನೆಗೆ ಹೊರಡಲು ಕಾಯುತ್ತಾ ಕೂರುತ್ತಾರೆ. ಕೂತಲ್ಲೇ ನಿದ್ದೆ ಹತ್ತಿದ ಮೇಲೆ ಮಗಳು ಮೆಲ್ಲಗೆ ಬೂಟು ಕಳಚುತ್ತಾಳೆ. ಆಯಮ್ಮ ಬೇರೆ ಯಾರನ್ನೂ ದೂರುವುದಿಲ್ಲ. "ಡಿಪೋ ಅಂದಿದ್ದು ನಾನೇ. ಮನೆ ಅನ್ನೋಕೆ ಬಾಯಿ ಬರಲಿಲ್ಲ. ಗೋಡೆ ಎಲ್ಲ ಇನ್ನೂ ಬಣ್ಣದ ವಾಸನೆ ಹೊಡೀತಿತ್ತು. ಅವರ ಮನೆ ಅಂತ ನಂಗೇ ಅನ್ನಿಸಿರಲಿಲ್ಲ."

ನಿಮಗೇನು ಬೇಕು ಎಂದು ಕೇಳಿದರೆ ಸಂಬಳದ ಮಾತು ಬರುವುದಿಲ್ಲ. ಮಡಿಲಲ್ಲಿಟ್ಟುಕೊಂಡ ಬೂಟನ್ನು ಬಟ್ಟೆಯಿಂದ ಉಜ್ಜುತ್ತಾರೆ.

"ಒಂದು ದಿನ, ಯಾರೂ ಹೇಳದೆ, ಅವರೇ ಇದನ್ನ ಬಿಚ್ಚಿ ಬಾಗಿಲ ಮೂಲೇಲಿ ಇಟ್ರೆ ಸಾಕು. ಪಾಲಿಶ್ ನಾನು ಹಾಕ್ತೀನಿ."